ಒಣ ಕೈಗೆ ವ್ಯಾಕ್ಸ್ ಹಚ್ಚುವ ಮುಂಚೆ

ಪಾರ್ಲರ್ ಕೆಲಸ ಕಲಿಯಲು ಬರುವ ಹುಡುಗಿಯರು ಮೊದಲು ಕೇಳುವುದು ವ್ಯಾಕ್ಸ್ ಎಷ್ಟು ಬಿಸಿ ಇರಬೇಕು, ಪಟ್ಟಿಯನ್ನು ಯಾವ ಕಡೆಗೆ ಎಳೆಯಬೇಕು ಅಂತ. ಅದು ಸ್ವಲ್ಪ ದಿನದಲ್ಲಿ ಯಾರಿಗಾದರೂ ಬರುತ್ತದೆ. ನಮ್ಮ ತುಮಕೂರು ಸೀಮೆಯ ಒಣ ಗಾಳಿಗೆ, ಬೋರ್‌ವೆಲ್ಲಿನ ಗಡಸು ನೀರಿಗೆ ಸಿಕ್ಕ ಕೈಗೆ ವ್ಯಾಕ್ಸ್ ಹಚ್ಚುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ಚರ್ಮವನ್ನು ಸಿದ್ಧ ಮಾಡುವುದೇ ನಿಜವಾದ ಕೆಲಸ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಹೇಳಿಕೊಡಬೇಕಾದವರು ಬೈದು ಸುಮ್ಮನಾದರು. ಹೋದ ವರ್ಷ ನನ್ನ ಮಣಿಕಟ್ಟು ಮಾತು ಕೇಳುವುದನ್ನು ಬಿಟ್ಟಿತು. ಪಾರ್ಲರನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದೇನೆ. ಬೈಯುವುದಕ್ಕೆ ಈಗ ಎದುರಿಗೆ ಕಲಿಯುವ ಹುಡುಗಿಯರಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಶಿರಾ ಗೇಟ್ ಹತ್ತಿರದ ಒಂದು ಪಾರ್ಲರಿನಲ್ಲಿ. ಕೆಳಗೆ ಪಂಕ್ಚರ್ ಅಂಗಡಿ, ಮೇಲೆ ನಾವು. ಕೆಳಗಿನವರು ಟೈರಿಗೆ ಪಟ್ಟಿ ಹಾಕುತ್ತಿದ್ದರು, ನಾವು ಮೇಲೆ ಪಟ್ಟಿ ಕೀಳುತ್ತಿದ್ದೆವು. ಆಗ ವ್ಯಾಕ್ಸ್ ಅಂಗಡಿಯಿಂದ ಬರುತ್ತಿರಲಿಲ್ಲ. ಸಕ್ಕರೆ, ನಿಂಬೆರಸ, ನೀರು ಹಾಕಿ ಒಲೆಯ ಮೇಲೆ ಪಾಕ ಕಾಯಿಸುತ್ತಿದ್ದೆವು. ಚಳಿಗಾಲದಲ್ಲಿ ಅದು ಚಿಕ್ಕಿಯಂತೆ ಗಟ್ಟಿಯಾಗುತ್ತಿತ್ತು, ಬೇಸಿಗೆಯಲ್ಲಿ ಮೊಣಕೈಯಿಂದ ಸೀರೆಗೆ ಇಳಿಯುತ್ತಿತ್ತು. ಪಟ್ಟಿ ಎಂದರೆ ಹಳೆಯ ಜೀನ್ಸ್ ಪ್ಯಾಂಟಿನ ಬಟ್ಟೆ. ಕತ್ತರಿಸಿ, ಪ್ರತಿ ಸಲವೂ ಬಿಸಿನೀರಿನಲ್ಲಿ ಒಗೆದು, ಟೆರೇಸಿನ ಮೇಲೆ ಒಣಗಿಸಬೇಕು. ನನ್ನ ಮೊದಲ ಕೆಲವು ತಿಂಗಳು ಕಳೆದದ್ದು ಆ ಟೆರೇಸಿನ ಮೇಲೆಯೇ.

ಮೇಡಂ ಎಂದು ನಾವು ಕರೆಯುತ್ತಿದ್ದ ಮಾಲಕಿಯ ಕೈ ಬಹಳ ಚುರುಕು. ಪಟ್ಟಿ ಎಳೆದರೆ ಗಿರಾಕಿ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಆಗಿಹೋಗಿರುತ್ತಿತ್ತು. "ಎಳೆಯೋವಾಗ ಕನಿಕರ ತೋರಿಸ್ಬೇಡ ಕಣೇ ಮಂಜುಳಾ, ನಿಧಾನ ಮಾಡಿದ್ರೆ ಜಾಸ್ತಿ ನೋವು" ಎಂದು ಅವರು ನನಗೆ ಕಲಿಸಿದ ಪಾಠ ಇವತ್ತಿಗೂ ನಿಜ. ಅವರಿಗೆ ಇಲ್ಲದಿದ್ದದ್ದು ಒಂದೇ, ತಾಳ್ಮೆ. ಬಂದ ಗಿರಾಕಿಯನ್ನು "ಇವತ್ತು ಬೇಡ, ಚರ್ಮ ಸರಿಯಾದ ಮೇಲೆ ಬನ್ನಿ" ಎಂದು ವಾಪಸ್ ಕಳಿಸುವುದು ಅವರ ಕೈಲಾಗದ ಕೆಲಸ. ಮೆಟ್ಟಿಲು ಹತ್ತಿ ಬಂದವರಿಗೆ ವ್ಯಾಕ್ಸ್ ಆಗಲೇಬೇಕು.

ದೀಪಾವಳಿ ಕಳೆದು ಶಿವರಾತ್ರಿ ಬರುವ ತನಕ ನಮ್ಮ ಕಡೆ ಗಾಳಿ ಚರ್ಮದಲ್ಲಿನ ನೀರನ್ನೆಲ್ಲ ಹೀರಿಬಿಡುತ್ತದೆ. ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ, ಕೈ ಬೂದಿ ಬಳಿದಂತೆ ಕಾಣುತ್ತದೆ. ಅಂಥ ಒಂದು ಜನವರಿಯಲ್ಲಿ ಸಹನಾ ಎಂಬ ಹುಡುಗಿ ಬಂದಳು. ಊರು ಕುಣಿಗಲ್ ಕಡೆಯ ಅಮೃತೂರು, ತುಮಕೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಕಾಲೇಜ್ ಡೇಗೆ ಗಿಡ್ಡ ತೋಳಿನ ಬ್ಲೌಸ್ ಹಾಕಬೇಕಂತೆ. ಕೈ ಚಾಚಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸಣ್ಣ ಸಣ್ಣ ಗೆರೆ, ಗೆರೆಯ ನಡುವೆ ಬಿಳಿ ಹೊಟ್ಟು.

ಮೇಡಂ ಸೋಪು ಹಚ್ಚಿ ಆ ಕೈಯನ್ನು ಚೆನ್ನಾಗಿ ಉಜ್ಜಿಸಿದರು. ಬಿಸಿ ಟವೆಲ್ ಸುತ್ತಿಸಿದರು. ಇದ್ದಬದ್ದ ಪಸೆಯೂ ಹೋಯಿತು. ಪೌಡರ್ ಹಾಕಿ ವ್ಯಾಕ್ಸ್ ಎಳೆದರು. ಒಣಗಿ ಪೆಡಸಾದ ಚರ್ಮದಲ್ಲಿ ಕೂದಲು ಬುಡದಿಂದ ಬರುವುದಿಲ್ಲ, ಅರ್ಧಕ್ಕೆ ಮುರಿಯುತ್ತದೆ. ಅರ್ಧ ಉಳಿಯಿತೆಂದು ಅದೇ ಜಾಗಕ್ಕೆ ಇನ್ನೊಂದು ಸಲ ಎಳೆದರು, ಮತ್ತೂ ಒಂದು ಸಲ ಎಳೆದರು. ಆಗ ಕೂದಲಿನ ಜೊತೆ ಚರ್ಮವೇ ಕಿತ್ತು ಬಂತು. ಬೇಯಿಸಿದ ಟೊಮೆಟೊ ಸಿಪ್ಪೆಯಷ್ಟು ತೆಳ್ಳಗೆ, ಹೆಬ್ಬೆರಳಿನಷ್ಟು ಅಗಲಕ್ಕೆ.

ಹುಡುಗಿ ಕಿರುಚಲಿಲ್ಲ. "ಉರೀತಿದೆ ಮೇಡಂ" ಎಂದಳು ಅಷ್ಟೆ.

ಮೇಡಂ ಹೆದರಿದ್ದರು. ಹೆದರಿದಾಗ ಅವರಿಗೆ ಕೋಪ ಬರುತ್ತಿತ್ತು. "ನಿನ್ನ ಚರ್ಮಾನೇ ಸರಿ ಇಲ್ಲಮ್ಮ. ಇಂಥಾ ಚರ್ಮ ಇಟ್ಕೊಂಡು ವ್ಯಾಕ್ಸಿಂಗಿಗೆ ಯಾಕೆ ಬರ್ತೀರಾ?" ಎಂದರು.

"ಸಾರಿ ಮೇಡಂ" ಎಂದಳು ಹುಡುಗಿ.

ಚರ್ಮ ಕಿತ್ತವರು ಇವರು, ಸಾರಿ ಕೇಳಿದವಳು ಅವಳು. ನಾನು ತಣ್ಣೀರಿನ ಬಟ್ಟೆ ತಂದು ಗಾಯದ ಮೇಲಿಟ್ಟೆ. ಅವಳು ತಲೆ ಬಗ್ಗಿಸಿಕೊಂಡೇ ಮೆಟ್ಟಿಲಿಳಿದು ಹೋದಳು.

ಮುಂದೆ ನಾನು ಗುಬ್ಬಿಯಲ್ಲಿ ಸ್ವಂತ ಪಾರ್ಲರ್ ಇಟ್ಟೆ. ಒಂದು ಕೋಣೆ, ಒಂದು ಕುರ್ಚಿ, ಒಂದು ಕನ್ನಡಿ. ಗುಬ್ಬಿಯ ಹೆಂಗಸರು ನನಗೆ ಬೇರೆಯೇ ಪಾಠ ಕಲಿಸಿದರು. ಮನೆ ಮನೆಯಲ್ಲೂ ಕೊಬ್ಬರಿ ಎಣ್ಣೆ ಧಾರಾಳ. ವ್ಯಾಕ್ಸಿಂಗ್ ಎಂದರೆ ನೋವು, ನೋವಿಗೆ ಮದ್ದು ಎಣ್ಣೆ ಎಂದುಕೊಂಡು ಕೈಕಾಲಿಗೆ ಮಿರಮಿರ ಮಿಂಚುವಂತೆ ಹಚ್ಚಿಕೊಂಡೇ ಬರುತ್ತಿದ್ದರು. ಒಮ್ಮೆ ಹೈಸ್ಕೂಲ್ ಟೀಚರ್ ಒಬ್ಬರು ಹಾಗೇ ಬಂದು ಕೂತರು. ವ್ಯಾಕ್ಸ್ ಹಚ್ಚಿದರೆ ಜಾರುಬಂಡೆಯಲ್ಲಿ ಮಕ್ಕಳು ಜಾರಿದಂತೆ ಜಾರಿತು. ಪಟ್ಟಿ ಎಳೆದೆ, ಒಂದೇ ಒಂದು ಕೂದಲೂ ಬರಲಿಲ್ಲ.

"ನಿಮ್ ವ್ಯಾಕ್ಸ್ ಹಳೇದಾಗಿದೆ ಅನ್ಸುತ್ತೆ" ಎಂದರು ಟೀಚರ್.

"ವ್ಯಾಕ್ಸ್ ಹೊಸದೇ ಮಿಸ್. ನೀವು ಬೋಂಡ ಕರಿಯೋಷ್ಟು ಎಣ್ಣೆ ಹಚ್ಕೊಂಡು ಬಂದಿದೀರ" ಎಂದೆ.

ಅವರು ಮುಖ ಊದಿಸಿಕೊಂಡು ಹೋದರು. ಮುಂದಿನ ವಾರ ಎಣ್ಣೆಯಿಲ್ಲದ ಕೈ ಚಾಚಿಕೊಂಡು ಬಂದರು, ಆಮೇಲೆ ಸ್ಟಾಫ್ ರೂಮಿನವರನ್ನೆಲ್ಲ ಕರೆದುಕೊಂಡೂ ಬಂದರು. ಎಣ್ಣೆ ತೆಗೆಯಬೇಕೆಂದು ಬಟ್ಟೆ ಸೋಪಿನಲ್ಲಿ ತಿಕ್ಕಿಕೊಂಡು ಬರುವವರು ಇನ್ನೊಂದು ಗುಂಪು. ಅವರ ಕೈ ಮುಟ್ಟಿದರೆ ಉಪ್ಪುಕಾಗದದಂತೆ ತರಿತರಿ. ಎಣ್ಣೆ ಇದ್ದರೆ ವ್ಯಾಕ್ಸ್ ಹಿಡಿಯುವುದಿಲ್ಲ, ಪಸೆ ಇಲ್ಲದಿದ್ದರೆ ಚರ್ಮ ತಡೆಯುವುದಿಲ್ಲ. ಇವೆರಡರ ನಡುವಿನ ದಿನವನ್ನು ಹುಡುಕುವುದೇ ನಮ್ಮ ವಿದ್ಯೆ.

ಅದಕ್ಕೆ ನಾನು ಕಂಡುಕೊಂಡ ಉಪಾಯ ಬಹಳ ಸುಲಭದ್ದು. ಮುಂಗೈ ಮೇಲೆ ಉಗುರಿನಿಂದ ಹಗುರವಾಗಿ ಒಂದು ಗೀರು ಎಳೆಯಿರಿ. ಬಿಳಿ ಗೆರೆ ಬಿದ್ದು ಹಾಗೇ ನಿಂತರೆ ಆ ದಿನ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಕಾಫಿ ಕೊಟ್ಟು, ಮಾತಾಡಿಸಿ, ಮನೆಗೆ ಕಳಿಸಿ. ಇನ್ನೊಂದು ಮಾತು, ಏನು ಕ್ರೀಮ್ ಹಚ್ಚುತ್ತೀಯಾ ಎಂದು ಕೇಳದೆ ಯಾರ ಮುಖವನ್ನೂ ಮುಟ್ಟಬೇಡಿ. ಬೆಳ್ಳಗಾಗಲು ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ಕ್ರೀಮ್ ತಂದು ತಿಂಗಳುಗಟ್ಟಲೆ ಬಳಿದುಕೊಳ್ಳುವವರು ಇದ್ದಾರೆ. ಅವುಗಳಲ್ಲಿ ಕೆಲವು ಚರ್ಮವನ್ನು ಈರುಳ್ಳಿ ಸಿಪ್ಪೆ ಮಾಡಿಟ್ಟಿರುತ್ತವೆ. ಅಂಥವರಿಗೆ ದಾರದಲ್ಲಿ ಹುಬ್ಬು ತೆಗೆಯಲೂ ನಾನು ಒಪ್ಪುತ್ತಿರಲಿಲ್ಲ, ಡಾಕ್ಟರ ಹತ್ತಿರ ಅಟ್ಟುತ್ತಿದ್ದೆ. ನನ್ನನ್ನು ಜಗಳಗಂಟಿ ಎಂದರು. ಇರಲಿ, ಜಗಳಗಂಟಿಯ ಕೈಯಲ್ಲಿ ಯಾರ ಚರ್ಮವೂ ಕಿತ್ತು ಬರಲಿಲ್ಲ.

ನನ್ನ ಯಜಮಾನರಿಗೆ ಕುಣಿಗಲ್ಲಿಗೆ ವರ್ಗವಾದಾಗ ಕುರ್ಚಿ, ಕನ್ನಡಿಗಳನ್ನೂ ಅಲ್ಲಿಗೆ ಸಾಗಿಸಿದೆ. ಅಷ್ಟರಲ್ಲಿ ಸಕ್ಕರೆ ಪಾಕ ಹೋಗಿ ಡಬ್ಬಿ ವ್ಯಾಕ್ಸ್, ಕರೆಂಟಿನ ಹೀಟರ್, ಒಮ್ಮೆ ಬಳಸಿ ಎಸೆಯುವ ಪಟ್ಟಿ ಬಂದಿದ್ದವು. ಟೆರೇಸಿನ ಮೇಲೆ ಜೀನ್ಸ್ ಪಟ್ಟಿ ಒಣಗಿಸಿದವಳಿಗೆ ಅದೊಂದು ಸ್ವರ್ಗ. ಡಬ್ಬಿಯ ಮೇಲೆ ಒಣ ಚರ್ಮಕ್ಕೆ ಇದು, ಎಣ್ಣೆ ಚರ್ಮಕ್ಕೆ ಅದು ಎಂದೆಲ್ಲ ಬರೆದಿರುತ್ತದೆ. ಓದಿ, ಬೇಡ ಅನ್ನುವುದಿಲ್ಲ. ಆದರೆ ಡಬ್ಬಿಗೆ ನಿಮ್ಮ ಗಿರಾಕಿಯ ಕೈ ಗೊತ್ತಿಲ್ಲ.

ಒಂದು ದಸರಾ ಸಮಯದಲ್ಲಿ ಹುಬ್ಬು ತೆಗೆಸಲು ಒಬ್ಬ ಹುಡುಗಿ ಬಂದಳು. ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳು. ಮಾಘದಲ್ಲಿ ಮದುವೆಯಂತೆ. ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದಳು.

"ನಂಗೆ ವ್ಯಾಕ್ಸಿಂಗ್ ಆಗಲ್ಲ ಅಲ್ವಾ ಅಕ್ಕ? ನನ್ನ ಚರ್ಮಾನೇ ಸರಿ ಇಲ್ಲ."

ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ಪಂಕ್ಚರ್ ಅಂಗಡಿಯ ಮೇಲಿನ ಕೋಣೆ, ತಣ್ಣೀರಿನ ಬಟ್ಟೆ ಎಲ್ಲ ನೆನಪಾದವು. "ತೋಳು ಮೇಲಕ್ಕೆ ಮಡಚು" ಎಂದೆ. ಹೆಬ್ಬೆರಳಿನಗಲದ ಕಲೆ ಮಾಸಿಹೋಗಿತ್ತು. ಮೇಡಂ ಆಡಿದ ಮಾತು ಮಾತ್ರ ಮಾಸಿರಲಿಲ್ಲ. ಇಷ್ಟು ವರ್ಷ ಸಹನಾ ಅದನ್ನು ತೋಳಿನೊಳಗೆ ಮುಚ್ಚಿಟ್ಟುಕೊಂಡು ಓಡಾಡಿದ್ದಳು.

"ನಿನ್ನ ಚರ್ಮಕ್ಕೆ ಏನಾಗಿದೆ? ಒಣಗಿದೆ ಅಷ್ಟೇ" ಎಂದೆ.

ಅವಳು ನಂಬಲಿಲ್ಲ. ಮದುವೆಯ ಬ್ಲೌಸಿಗೆ ತೋಳು ಉದ್ದ ಇಡಲೇ, ಗಿಡ್ಡ ಇಡಲೇ ಎಂದು ಟೈಲರ್ ಕೇಳುತ್ತಿದ್ದರಂತೆ, ಇವಳು ಆಮೇಲೆ ಹೇಳುತ್ತೇನೆಂದು ದಿನ ತಳ್ಳುತ್ತಿದ್ದಳಂತೆ. ಅವಳಿಗೆ ಗಿಡ್ಡ ತೋಳಿನ ಆಸೆ. ಬಾಯಿಬಿಟ್ಟು ಹೇಳಲು ಅವಳಿಗೆ ನಾಚಿಕೆಯಾಗುತ್ತಿತ್ತು. ಈ ಸಲವೂ ಚರ್ಮ ಕಿತ್ತು ಬಂದರೆ ಆ ಹುಡುಗಿ ಇನ್ನು ಜೀವಮಾನದಲ್ಲಿ ತೋಳು ಮಡಚುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ರಾತ್ರಿ ನನಗೇ ಭಯವಾಯಿತು.

ಮೊದಲು ತುಮಕೂರಿನ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಾ ಎಂದೆ. ಕಾಯಿಲೆಯೇನೂ ಇಲ್ಲ, ಹುಟ್ಟಿನಿಂದ ಬಂದ ಒಣ ಚರ್ಮ ಎಂದು ಹೇಳಿ ಅವರು ಒಂದು ಮುಲಾಮು ಕೊಟ್ಟರು. ಮಿಕ್ಕದ್ದು ನನ್ನ ಕೆಲಸ. ಸುಡುಸುಡು ನೀರು ಬಿಡಿಸಿದೆ, ಕೈಗೆ ಸೋಪು ಬಿಡಿಸಿದೆ, ಉಜ್ಜುವ ಕಲ್ಲನ್ನು ಕಿತ್ತುಕೊಂಡು ನಾನೇ ಎಸೆದೆ. ಉಗುರು ಬೆಚ್ಚನೆ ನೀರಿನಲ್ಲಿ ಸ್ನಾನ. ಟವೆಲಿನಿಂದ ಒರೆಸಬಾರದು, ಒತ್ತಬೇಕು. ಕೈ ಇನ್ನೂ ಹಸಿ ಇರುವಾಗಲೇ ಮುಲಾಮು. ವಾರಕ್ಕೊಮ್ಮೆ ಹಳೆಯ ಪಂಚೆಯ ಮೆತ್ತನೆ ಬಟ್ಟೆಯಿಂದ ಹೊಟ್ಟು ತೆಗೆಯುವುದು. ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಕೈ ಚಾಚುತ್ತಿದ್ದಳು, ನಾನು ಉಗುರಿನಿಂದ ಗೀರುತ್ತಿದ್ದೆ. ಕಾರ್ತಿಕದಲ್ಲಿ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಗೆರೆ ಬಿದ್ದು ಹಾಗೇ ಮಾಯವಾಗತೊಡಗಿತು. ಮೊಣಕೈ ಹತ್ತಿರ ಒಂದು ಸಣ್ಣ ಜಾಗದಲ್ಲಿ ವ್ಯಾಕ್ಸ್ ಮಾಡಿ ನೋಡಿದೆ, ಏನೂ ಆಗಲಿಲ್ಲ. "ಟೈಲರಿಗೆ ಗಿಡ್ಡ ಅಂತ ಹೇಳು" ಎಂದೆ. ಅವಳು ಹೇಳಿದಳು. ಗಿಡ್ಡ ಹೊಲಿದದ್ದನ್ನು ಮತ್ತೆ ಉದ್ದ ಮಾಡುವುದಕ್ಕೆ ಆಗುವುದಿಲ್ಲ ಎಂಬುದು ಅವಳು ಹೋದ ಮೇಲೆ ನನಗೆ ಹೊಳೆಯಿತು.

ಮದುವೆಯ ವಾರ ಬಂತು. ಗುರುವಾರ ಸಂಜೆ ರಿಸೆಪ್ಷನ್. ಮಂಗಳವಾರ ಬೆಳಿಗ್ಗೆ ನಾನು ಅಮೃತೂರಿನ ಅವಳ ಮನೆಗೆ ಹೋಗಿ ವ್ಯಾಕ್ಸ್ ಮಾಡುವುದು, ಬುಧವಾರ ಎಣ್ಣೆ ಅರಿಶಿನದ ಶಾಸ್ತ್ರ ಮತ್ತು ಬಳೆ ತೊಡಿಸುವುದು ಎಂದು ಮಾತಾಗಿತ್ತು. "ಸೋಮವಾರದಿಂದ ಕೈಗೆ ಒಂದು ತೊಟ್ಟೂ ಎಣ್ಣೆ ಬೀಳಬಾರದು" ಎಂದು ಮನೆಯವರಿಗೆಲ್ಲ ಕೇಳುವಂತೆ ಫೋನಿನಲ್ಲಿ ಕೂಗಿ ಹೇಳಿದ್ದೆ. ಮಂಗಳವಾರ ಪ್ರೈವೇಟ್ ಬಸ್ಸಿನಲ್ಲಿ ಹೀಟರನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಚಪ್ಪರದ ಕೆಳಗೆ ಸಹನಾ ಕೂತಿದ್ದಳು. ಭುಜದಿಂದ ಬೆರಳ ತುದಿಯವರೆಗೆ ಹಳದಿ, ಮೇಲೆ ಎಣ್ಣೆಯ ಹೊಳಪು. ಅವಳ ಸೋದರತ್ತೆ ಹಿಂದಿನ ದಿನವೇ ಬಂದಿಳಿದು, ಬುಧವಾರಕ್ಕಿಂತ ಸೋಮವಾರ ಸಂಜೆಯೇ ಒಳ್ಳೆಯದು ಎಂದು ಎಲ್ಲರನ್ನೂ ಕೂರಿಸಿಕೊಂಡು ಶಾಸ್ತ್ರ ಮುಗಿಸಿಬಿಟ್ಟಿದ್ದರು. ಶಾಸ್ತ್ರದ ಎಣ್ಣೆ ಬೇಡ ಎನ್ನುವ ಧೈರ್ಯ ಯಾವ ಮದುಮಗಳಿಗಿರುತ್ತದೆ?

ನಾನು ಹೀಟರನ್ನು ಜಗಲಿಯ ಮೇಲೆ ಕುಕ್ಕಿದೆ. "ಇಷ್ಟು ತಿಂಗಳು ಮಾಡಿದ ಕೆಲಸವನ್ನು ಒಂದೇ ಸಂಜೆಗೆ ಹಾಳು ಮಾಡಿದ್ರಲ್ಲ! ಇದರ ಮೇಲೆ ವ್ಯಾಕ್ಸ್ ಹಿಡಿಯುತ್ತಾ?" ಎಂದು ಬಾಯಿಗೆ ಬಂದಂತೆ ಅಂದೆ. ಸೋದರತ್ತೆಗೂ ಬಾಯಿ ಇತ್ತು. "ಮದ್ವೆ ಇರೋದು ನಿಮ್ ಮೇಣಕ್ಕಲ್ಲ ಕಣವ್ವ, ಶಾಸ್ತ್ರಕ್ಕೆ" ಎಂದರು. ಸಹನಾಳ ತಾಯಿ ನಮ್ಮಿಬ್ಬರ ನಡುವೆ ಸಿಕ್ಕಿ, ಸೀಗೆಪುಡಿ ಕಲಸಿಕೊಂಡು ಬಂದರು.

"ಎಲ್ಡೇ ನಿಮ್ಸ ಇರಿ. ತಿಕ್ಕಿ ತೊಳದ್ಬುಡ್ತೀನಿ, ಎಣ್ಣೆಯೆಲ್ಲಾ ಹೋಯ್ತದೆ" ಎಂದು ಮಗಳ ಕೈ ಹಿಡಿದರು.

ಸಹನಾ ನನ್ನ ಮುಖ ನೋಡಿದಳು. ಸೀಗೆಪುಡಿ ಹಾಕಿ ಉಜ್ಜಿದರೆ ಶಿರಾ ಗೇಟಿನಲ್ಲಿ ಆದದ್ದೇ ಇಲ್ಲೂ ಆಗುತ್ತಿತ್ತು. ನಾನು ಬಾಯಿ ತೆರೆಯುವ ಮುಂಚೆ ಒಳಗಿನಿಂದ ಅವಳ ಅಜ್ಜಿ ಬಂದರು. ತಾಯಿಯ ತಾಯಿ, ಮಾರ್ಕೋನಹಳ್ಳಿಯವರು, ಮದುವೆಗೆಂದು ಬಂದವರು.

"ಏಯ್, ಬುಡು ಅದ್ನ" ಎಂದು ಮಗಳ ಕೈಯಿಂದ ಸೀಗೆ ಬಟ್ಟಲನ್ನು ತೆಗೆದು ಪಕ್ಕಕ್ಕಿಟ್ಟರು. "ಆ ಚರ್ಮ ಉಜ್ಜಿಸ್ಕಳಾಕಿಲ್ಲ. ಉಜ್ಜಿದ್ರೆ ಕಿತ್ಕಂಡು ಬತ್ತದೆ."

"ನನ್ನ ಚರ್ಮ ಸರಿ ಇಲ್ಲ ಅಂತ ನಿಂಗೆಂಗೊತ್ತು ಅಜ್ಜಿ?" ಎಂದಳು ಸಹನಾ.

ಅಜ್ಜಿ ಅವಳ ಪಕ್ಕ ಕೂತು, ರವಿಕೆಯ ಉದ್ದ ತೋಳನ್ನು ಮೇಲಕ್ಕೆ ಸರಿಸಿ ತಮ್ಮ ಕೈಯನ್ನು ಮೊಮ್ಮಗಳ ಕೈ ಪಕ್ಕ ಇಟ್ಟರು. ಅವೇ ಗೆರೆಗಳು, ಅದೇ ಜಾಗದಲ್ಲಿ, ಅದೇ ತರಹ. ವಯಸ್ಸಿನ ಸುಕ್ಕನ್ನು ಬಿಟ್ಟರೆ ಎರಡು ಕೈಗೂ ವ್ಯತ್ಯಾಸವಿರಲಿಲ್ಲ.

"ನಂದೂ ಇಂಗೇ, ನಮ್ಮವ್ವಂದೂ ಇಂಗೇ ಇತ್ತು. ನಿಮ್ಮವ್ವಂಗೆ ಬರ್ಲಿಲ್ಲ, ನಿಂಗೆ ಬಂತು. ಚಳಿಗಾಲ್ದಾಗೆ ಮೀಯೋವಾಗ ಹಸೀ ಮೈಗೇ ಚೂರು ಎಣ್ಣೆ ಸವರ್ಕಂಡ್ರೆ ತಣ್ಣಗಿರ್ತದೆ. ಚರ್ಮ ಸರಿ ಇಲ್ಲ ಅಂತ ಯಾವಳು ಹೇಳಿದ್ದು ನಿಂಗೆ?"

ಸಹನಾ ಅಜ್ಜಿಯ ಕೈಯ ಗೆರೆಗಳ ಮೇಲೆ ಬೆರಳಾಡಿಸುತ್ತಾ ಕೂತಳು. ಆ ಹುಡುಗಿಗೆ ನಾನು ದಸರೆಯಿಂದ ಹೇಳುತ್ತಾ ಬಂದದ್ದು ತಲೆಗೆ ಹೋಗಿರಲಿಲ್ಲ. ಅಜ್ಜಿ ಕೈ ಚಾಚಿದ್ದೇ ತಡ, ಹೋಯಿತು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ.

ಆ ದಿನ ವ್ಯಾಕ್ಸ್ ಬೇಡವೇ ಬೇಡ ಎಂದು ನಾನು ತೀರ್ಮಾನಿಸಿದೆ. ತಾಯಿ ಗಾಬರಿಯಾದರು. ಉಗುರು ಬೆಚ್ಚನೆ ನೀರು ತರಿಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒತ್ತಿ ಎಣ್ಣೆ ಅರಿಶಿನವನ್ನು ಇಳಿಸಿದೆ. ಉಜ್ಜಲಿಲ್ಲ. ಮತ್ತೆ ಮೇಲೆ ಏನೂ ಹಚ್ಚಲು ಬಿಡಲಿಲ್ಲ. ಸೋದರತ್ತೆಯವರೇ ನನಗೆ ಊಟ ಬಡಿಸಿ, "ಇಲ್ಲೇ ಮನೀಕಳಿ, ನಾಳೆ ನೋಡ್ಕಂಡ್ರಾಯ್ತು" ಎಂದರು. ಜಗಳ ಆಡಿದ ಮೇಲೆ ಇಬ್ಬರಿಗೂ ಸ್ನೇಹವಾಗಿತ್ತು.

ಬುಧವಾರ ಬೆಳಿಗ್ಗೆ ಸಹನಾಳ ಮುಂಗೈ ಮೇಲೆ ಉಗುರಿನಿಂದ ಗೀರಿದೆ. ಬಿಳಿ ಗೆರೆಯೇ ಬೀಳಲಿಲ್ಲ. ಇನ್ನೊಮ್ಮೆ ಗೀರಿದೆ, ಇಲ್ಲ. ಸೋಮವಾರ ರಾತ್ರಿಯಿಡೀ ಕುಡಿದ ಎಣ್ಣೆಯನ್ನು ಚರ್ಮ ಒಳಗೆ ಇಟ್ಟುಕೊಂಡಿತ್ತು, ಮೇಲಿನದನ್ನು ನಾವು ತೆಗೆದಿದ್ದೆವು, ನಡುವೆ ಒಂದು ದಿನದ ವಿರಾಮ ಸಿಕ್ಕಿತ್ತು. ನನ್ನ ಲೆಕ್ಕಾಚಾರವನ್ನೆಲ್ಲ ಕೆಡಿಸಿದ ಸೋದರತ್ತೆಯ ಶಾಸ್ತ್ರವೇ ಚರ್ಮವನ್ನು ನನಗಿಂತ ಚೆನ್ನಾಗಿ ಸಿದ್ಧ ಮಾಡಿಕೊಟ್ಟಿತ್ತು. ಇದನ್ನು ನಾನು ಆಗ ಅವರಿಗೆ ಹೇಳಲಿಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ.

ವ್ಯಾಕ್ಸನ್ನು ಮೊದಲು ನನ್ನ ಕೈಗೆ ಇಟ್ಟು ಬಿಸಿ ನೋಡಿದೆ. ಚೂರು ಪೌಡರ್ ಹಾಕಿ, ತೆಳ್ಳಗೆ ಹಚ್ಚಿ, ಒಂದು ಕೈಯಲ್ಲಿ ಚರ್ಮ ಬಿಗಿಹಿಡಿದು ಎಳೆದೆ. ಸಹನಾ ಕಣ್ಣು ಮುಚ್ಚಿದ್ದಳು. ನಾನೂ ಮುಚ್ಚಿದೆನೇನೋ. ಕಣ್ಣು ಬಿಟ್ಟು ನೋಡಿದರೆ ಕೂದಲು ಪಟ್ಟಿಯಲ್ಲಿತ್ತು, ಚರ್ಮ ಕೈಯಲ್ಲಿತ್ತು. ಸ್ವಲ್ಪ ಕೆಂಪಗಾಗಿ ನೋಡುನೋಡುತ್ತಲೇ ಇಳಿಯಿತು.

"ಆಯ್ತಾ ಅಕ್ಕ?"

"ಆಯ್ತು ಕಣೇ. ಉಸಿರು ಬಿಡು."

ಅವಳು ಉಸಿರು ಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ, ಸೋದರತ್ತೆ ಕೂಡ ಉಸಿರು ಬಿಟ್ಟಿದ್ದು ಕೇಳಿಸಿತು. ಎರಡು ಕೈ ಮುಗಿಸಿದಾಗ ಅಲ್ಲಲ್ಲಿ ಒಂದೆರಡು ಕೂದಲು ಉಳಿದಿದ್ದವು. ಉಳಿಯಲಿ ಎಂದು ಬಿಟ್ಟೆ. ಒಂದೇ ಜಾಗಕ್ಕೆ ಎರಡನೇ ಸಲ ಎಳೆಯಬಾರದು, ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಮಧ್ಯಾಹ್ನ ಬಳೆ ತೊಡಿಸಲು ಕುಣಿಗಲ್ಲಿನಿಂದ ವಯಸ್ಸಾದ ಬಳೆ ಸಾಬರು ಬಂದರು. ಚಪ್ಪರದ ಕೆಳಗೆ ಊರ ಹೆಂಗಸರೆಲ್ಲ ಸುತ್ತ ಕೂತಿದ್ದರು. ಸಹನಾ ಸಾಬರ ಎದುರಿಗೆ ಕೂತು, ಯಾರೂ ಹೇಳದೆ, ತಾನೇ ತೋಳನ್ನು ಮೊಣಕೈ ದಾಟಿಸಿ ಮೇಲಕ್ಕೆ ಮಡಚಿದಳು. ಸಾಬರು ಅವಳ ಬೆರಳುಗಳನ್ನು ಒತ್ತಿ ಅಳತೆ ನೋಡಿದರು, ಕೈಯ ಗೆರೆಗಳನ್ನೂ ನೋಡಿದರು.

"ಒಣ ಕೈ ಕಣವ್ವ. ಸಲೀಸಾಗಿ ಹೋಗ್ಲಿ, ಸೋಪು ಹಚ್ಲಾ?"

"ಬ್ಯಾಡಿ ತಾತ, ಬರೀ ನೀರು ಸಾಕು" ಎಂದು ಸಹನಾ ನಕ್ಕಳು. ಆಮೇಲೆ ಅಷ್ಟೂ ಹೆಂಗಸರಿಗೆ ಕೇಳಿಸುವ ಹಾಗೆ ಹೇಳಿದಳು. "ಇದು ನಮ್ಮಜ್ಜಿ ಚರ್ಮ."